ಬ್ಯಾಡ ಅನ್ನದ ಅಯ್ಯ

ಬಾಗಲಕೋಟೆಯ ಹಳೇ ಪೇಟೆಯಲ್ಲಿ, ನೂಲಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ರಾಚಯ್ಯ ಕೂರುತ್ತಿದ್ದ. ಅದನ್ನು ದವಾಖಾನೆ ಎಂದು ಒಪ್ಪಿಕೊಳ್ಳಲು ಊರಿಗೆ ಬಹಳ ದಿನ ಹಿಡಿಯಿತು. ಗುಳಿಗೆಯಿಲ್ಲ, ಸೂಜಿಯಿಲ್ಲ, ನಾಡಿ ಹಿಡಿದು ನೋಡುವುದೂ ಇಲ್ಲ. ಮನಸ್ಸಿನ ಬೇನೆಯವರನ್ನು ಕೂಡಿಸಿಕೊಂಡು ಮಾತಾಡಿಸುವುದೇ ಚಿಕಿತ್ಸೆ ಎಂದರೆ ಯಾರು ತಾನೇ ನಂಬುತ್ತಾರೆ? ‘ಬರೇ ಮಾತಿಗೆ ಅಲ್ಲಿತನಾ ಯಾಕ ಹೋಗಬೇಕು, ನಮ್ಮ ಕಟ್ಟಿ ಇಲ್ಲೇನು?’ ಎಂದು ಪೇಟೆಯ ಮಂದಿ ನಗುತ್ತಿದ್ದರು. ನಕ್ಕವರಲ್ಲೇ ಕೆಲವರು ಮುಂದೆ ತಮ್ಮ ಮನೆಯವರ ಕೈಹಿಡಿದುಕೊಂಡು ಆ ಮೆಟ್ಟಿಲು ಹತ್ತಿದರು, ಅದು ಬೇರೆ ಮಾತು.

ರಾಚಯ್ಯ ಬಾದಾಮಿಯ ಜಂಗಮರ ಮನೆಯವನು. ಅವನ ಅಜ್ಜ ಸುತ್ತಿನ ಹತ್ತು ಹಳ್ಳಿಗೆ ಅಯ್ಯ. ಮಗಳಿಗೆ ಗಂಡು ಗೊತ್ತುಮಾಡುವುದಿರಲಿ, ಮುನಿದು ಬಂದ ಸೊಸೆಯನ್ನು ತಿರುಗಿ ಕರೆಸುವುದಿರಲಿ, ಅಜ್ಜನ ಒಂದು ಮಾತು ಬೇಕೇ ಬೇಕು. ಅಜ್ಜನೋ, ಅರ್ಧ ಕೇಳುವಷ್ಟರಲ್ಲೇ ಹೇಳಿಬಿಡುವ ಆಸಾಮಿ. ಒಮ್ಮೆ ಹೊಸ್ತಿಲಲ್ಲಿ ಕೂತ ಹೆಂಗಸೊಬ್ಬಳು ಬಾಯಿ ತೆರೆಯುವ ಮೊದಲೇ ‘ಗಂಡನ ಮನಿಗೆ ನಡಿ, ಎಲ್ಲಾ ಚೊಲೋ ಆಗತೈತಿ’ ಎಂದು ಹಣೆಗೆ ವಿಭೂತಿ ಹಚ್ಚಿ ಕಳಿಸಿದ. ಆಕೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಎದ್ದುಹೋದದ್ದನ್ನು ಹತ್ತು ವರ್ಷದ ರಾಚಯ್ಯ ನೋಡಿದ್ದ. ಆಕೆಗೆ ಹೇಳುವುದು ಏನಿತ್ತೋ ಎಂಬ ಪ್ರಶ್ನೆಯೇ ಅವನನ್ನು ಧಾರವಾಡದ ಕಾಲೇಜಿಗೂ ಅಲ್ಲಿಂದ ಬೆಂಗಳೂರಿಗೂ ಎಳೆದುಕೊಂಡು ಹೋಯಿತು. ಹದಿನೈದು ವರ್ಷ ದೊಡ್ಡ ದವಾಖಾನೆಗಳಲ್ಲಿ ಪಳಗಿ, ಎಪ್ಪತ್ನಾಲ್ಕನೇ ಇಸವಿಯಲ್ಲಿ ಬಾಗಲಕೋಟೆಗೆ ಬಂದು ನೆಲೆನಿಂತ.

ಅವನದು ಒಂದೇ ನೇಮ: ತಾನು ಕೇಳುತ್ತಾನೆ, ಹೇಳುವುದಿಲ್ಲ. ನಿರ್ಧಾರ ಬಂದವರ ಬಾಯಿಂದಲೇ ಬರಬೇಕೆಂದು ಬೆಂಗಳೂರಿನಲ್ಲಿ ಕಲಿಸಿದ್ದರು. ಅಜ್ಜನ ಮೊಮ್ಮಗನಿಗೆ ಆ ಪಾಠ ಅಮೃತದಂತೆ ಹಿಡಿಸಿತ್ತು. ಕೋಣೆಗೆ ಬರುವಾಗ ಅವನು ವಿಭೂತಿ ಹಚ್ಚುತ್ತಿರಲಿಲ್ಲ. ಕಾಲು ಮುಟ್ಟಲು ಸಿಗದ ಹಾಗೆ ಚಾಪೆಯ ಮೇಲೆ ಮಡಿಚಿ ಕೂರುತ್ತಿದ್ದ. ಜೊತೆಗೆ ಬಂದವರು ಕೆಳಗೆ ಅಂಗಡಿಯಲ್ಲೇ ಕಾಯಬೇಕು. ಒಳಗೆ ಆಡಿದ ಮಾತು ಹೊರಗೆ ಹೋಗಕೂಡದು. ಇಳಕಲ್ಲಿನ ನೇಕಾರ ಯಂಕಪ್ಪ ತಮ್ಮ ಸತ್ತ ಮೇಲೆ ಮಗ್ಗದ ಕುಣಿಯಲ್ಲಿ ಕಾಲಿಡಲಾರದೆ ಬಂದವನು, ಒಂಬತ್ತು ತಿಂಗಳು ಮಾತಾಡಿ ಮಾತಾಡಿ, ಒಂದು ದಿನ ತಾನೇ ಹೋಗಿ ಲಾಳಿ ಹಿಡಿದ. ಅಂದು ರಾಚಯ್ಯನಿಗೆ ತನ್ನ ದಾರಿ ಸರಿಯೆಂದು ಗಟ್ಟಿಯಾಯಿತು. ಅಷ್ಟು ಗಟ್ಟಿಯಾಗಬಾರದಿತ್ತು.

ಎಂಬತ್ತೊಂದರ ಬೇಸಿಗೆಯಲ್ಲಿ ಹುನಗುಂದದ ಹೊಳಬಸಪ್ಪ ಮಗಳು ಗುರುಲಿಂಗವ್ವನನ್ನು ಕರೆತಂದ. ಗಂಡನ ಮನೆಯವರು ವರ್ಷದ ಕೂಸನ್ನು ಕಸಿದಿಟ್ಟುಕೊಂಡು ಆಕೆಯನ್ನು ಹೊರಗೆ ಹಾಕಿದ್ದರು. ತವರಿಗೆ ಬಂದವಳು ಅನ್ನ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ನಾಲ್ಕು ಮಂಗಳವಾರ ಗೋಡೆ ನೋಡುತ್ತ ಕೂತಳು. ಐದನೆಯ ವಾರ ಬಾಯಿಬಿಟ್ಟಳು. ಗಂಡ ಆಕೆಯನ್ನು ಜೋಳದ ಕೋಣೆಯಲ್ಲಿ ಎರಡು ದಿನ ಕೂಡಿಹಾಕಿದ್ದ. ಹೊರಗೆ ಕೂಸು ಅಳುತ್ತಿತ್ತು, ಎದೆಹಾಲು ಸೋರಿ ಕುಬಸವೆಲ್ಲ ತೊಯ್ದಿತ್ತು.

‘ಅಯ್ಯಾರ, ನಾ ಹೊಳ್ಳಿ ಹೋಗಲ್ಯೋ ಬ್ಯಾಡೋ? ನೀವ ಹೇಳ್ರಿ’ ಅಂದಳು.

‘ನಿನ್ನ ಮನಸ ಏನಂತೈತಿ, ತಂಗಿ?’

‘ನನ್ನ ಮನಸನ ಯಾರ ಕೇಳ್ತಾರ್ರಿ?’

‘ನಾ ಕೇಳಾಕತ್ತೇನಲ್ಲ.’

ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಆಕೆ ಮಾತಾಡತೊಡಗಿದ್ದೇ ಗುಣದ ಲಕ್ಷಣವೆಂದು ರಾಚಯ್ಯ ಹಿಗ್ಗಿದ. ಇನ್ನು ಎರಡು ತಿಂಗಳು ಸಿಕ್ಕರೆ ಆಕೆಯೇ ಒಲ್ಲೆ ಅನ್ನುತ್ತಾಳೆ ಎಂಬುದು ಅವನ ಲೆಕ್ಕಾಚಾರ.

ಎರಡು ತಿಂಗಳು ಸಿಗಲಿಲ್ಲ. ಒಂದು ದಿನ ಹೊಳಬಸಪ್ಪ ಒಬ್ಬನೇ ಮೇಲೆ ಬಂದ. ‘ನಾಡದು ಅಕೀನ್ನ ಕರಿಯಾಕ ಬರ್ತಾರ್ರಿ. ಹಿರ್ಯಾರೂ ಕೂಡ್ತಾರ. ಕಳಸ್ಲಿ ಏನ್ರಿ?’

‘ಅದನ್ನ ಅಕೀನ ಹೇಳಬೇಕು, ಹೊಳಬಸಪ್ಪಾರ. ಅಕೀನ್ನ ಕೇಳ್ರಿ.’

ಹೊಳಬಸಪ್ಪ ಕೈಮುಗಿದು ಇಳಿದುಹೋದ.

ಹುನಗುಂದದ ಪಡಸಾಲೆಯಲ್ಲಿ ಹಿರಿಯರು ಕೇಳಿದ್ದು ಒಂದೇ ಮಾತಂತೆ. ‘ಅಯ್ಯಾರು ಬ್ಯಾಡ ಅಂದ್ರೇನು?’ ಹೊಳಬಸಪ್ಪ ‘ಅನ್ಲಿಲ್ಲರಿ’ ಅಂದ. ‘ಮತ್ತೇನ, ಕಳಸು.’ ಆ ಸೀಮೆಯಲ್ಲಿ ಅಯ್ಯ ಬೇಡವೆನ್ನದಿದ್ದರೆ ಹೂಂ ಅಂದ ಹಾಗೆ. ಇದು ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ, ಅಯ್ಯನ ಮನೆಯಲ್ಲೇ ಹುಟ್ಟಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಣೆಯ ವಿಭೂತಿ ಬಿಟ್ಟ ಮಾತ್ರಕ್ಕೆ ತಾನು ಅಯ್ಯನಾಗಿ ಉಳಿದಿಲ್ಲವೆಂದು ಆ ಓದಿದ ಮನುಷ್ಯ ತಿಳಿದಿದ್ದ. ಎಂಥ ಹುಂಬತನ.

ಗಂಡನ ಮನೆಗೆ ಹೋದ ಇಪ್ಪತ್ತನೆಯ ದಿನಕ್ಕೆ ಗುರುಲಿಂಗವ್ವನ ಹೆಣ ಹೊಲದ ಬಾವಿಯಲ್ಲಿ ಸಿಕ್ಕಿತು. ಹಾರಿದಳೋ, ನೂಕಿದರೋ, ಯಾರೂ ಕೆದಕಲಿಲ್ಲ. ರಾಚಯ್ಯ ಹುನಗುಂದಕ್ಕೆ ಹೋಗಿ ಹೊಳಬಸಪ್ಪನ ಎದುರು ಕೂತ. ಬೈದರೆ ಬೈಯಲಿ ಎಂದೇ ಹೋಗಿದ್ದ.

‘ನೀವು ಬ್ಯಾಡ ಅಂದಿದ್ರ ಯಾರ ಬಂದ್ರೂ ನಾ ಕಳಸ್ತಿದ್ದಿಲ್ಲರಿ’ ಎಂದ ಹೊಳಬಸಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಮಳೆಗಾಲವಿಡೀ ಕೋಣೆ ಮುಚ್ಚಿತ್ತು. ಮತ್ತೆ ತೆರೆದಾಗ ಬಂದವರು ಮಾತಾಡುತ್ತಿದ್ದರು, ರಾಚಯ್ಯ ತಲೆಯಾಡಿಸುತ್ತಿದ್ದ, ಒಂದಕ್ಷರವೂ ಅವನೊಳಗೆ ಇಳಿಯುತ್ತಿರಲಿಲ್ಲ. ವರ್ಷ ತಿರುಗುವಷ್ಟರಲ್ಲಿ ಹೊಳಬಸಪ್ಪ ಪುನಃ ಮೆಟ್ಟಿಲು ಹತ್ತಿ ಬಂದ. ಚೀಲದಿಂದ ಅರಿಸಿನ ಹಚ್ಚಿದ ಲಗ್ನಪತ್ರಿಕೆ ತೆಗೆದುಕೊಟ್ಟ. ಮದುಮಗಳು ಕಿರಿಯ ಮಗಳು ಶಿವಬಸವ್ವ. ಮದುಮಗ ಅದೇ ಅಳಿಯ. ಕೂಸಿಗೆ ತಾಯಿ ಬೇಕಲ್ಲ ಎಂದು ಹಿರಿಯರು ಮಾತು ಮುಗಿಸಿದ್ದರು.

‘ಬ್ಯಾಡ’ ಎಂದ ರಾಚಯ್ಯ. ಆ ಕೋಣೆಯಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ‘ಆ ಮನಿಗೆ ಕೊಡಬ್ಯಾಡ್ರಿ, ಹೊಳಬಸಪ್ಪಾರ. ಗುರುಲಿಂಗವ್ವನ್ನ ಎರಡ ದಿನ ಜೋಳದ ಕ್ವಾಣ್ಯಾಗ ಕೂಡಿಹಾಕಿದ್ರು. ನನಗ ಹೇಳಿದ್ಲು.’

‘ಗೊತ್ತೈತ್ರಿ. ಅವರವ್ವಗೂ ಹೇಳಿದ್ಲು. ಹಿರ್ಯಾರ ಮುಂದ ನನ್ನ ಮಾತ ನಡಿಯಂಗಿಲ್ಲ, ಅದಕ್ಕ ಅವತ್ತ ನಿಮ್ಮ ಮಾತ ಕೇಳಾಕ ಬಂದಿದ್ದೆ. ಈಗ ಕೇಳಾಕ ಬಂದಿಲ್ರಿ, ಕರಿಯಾಕ ಬಂದೇನಿ.’

‘ಹಂಗಾರ ಹಂದರದಾಗ ಬಂದು ಎಲ್ಲಾರ ಮುಂದ ನಾನ ಹೇಳ್ತೇನಿ.’

ಹೊಳಬಸಪ್ಪ ಬೇಡವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ರಾಚಯ್ಯ ಲಗ್ನಕ್ಕೆ ಹೋದ. ಹಂದರ ತುಂಬಿತ್ತು. ಅಯ್ಯಾರು ಬಂದರೆಂದು ದಾರಿ ಬಿಟ್ಟರು, ಮುಂದೆ ಕರೆದು ನಿಲ್ಲಿಸಿದರು, ಅಕ್ಷತೆಯ ಅಕ್ಕಿಕಾಳು ಮೊದಲು ಅವನ ಮುಷ್ಟಿಗೇ ಸುರಿದರು. ಶಿವಬಸವ್ವ ತಲೆಯೆತ್ತಿ ಅವನನ್ನು ನೋಡಿದಳು. ಅಯ್ಯಾರು ಬಂದು ಬ್ಯಾಡ ಅನ್ನುತ್ತಾರೆಂದು ಅಪ್ಪ ಆಕೆಗೆ ಹೇಳಿದ್ದ, ಅದು ಆ ನೋಟದಲ್ಲೇ ತಿಳಿಯಿತು. ರಾಚಯ್ಯ ಬಾಯಿ ತೆರೆದ. ಇಪ್ಪತ್ತು ವರ್ಷ ಬಿಗಿಹಿಡಿದ ನಾಲಿಗೆ ಏಳಲಿಲ್ಲ. ವಾಜಂತ್ರಿ ಮೊಳಗಿದವು, ಸುತ್ತಲಿನ ಕೈಗಳೆಲ್ಲ ಮೇಲೆದ್ದವು. ಎಲ್ಲರೊಡನೆ ಅವನೂ ಅಕ್ಕಿಕಾಳು ಹಾಕಿದ.