ಕುಲ್ಸುಮಬಿಯ ಹೋರಿಗೆ ಯಾವ ಪಕ್ಷ?

ಎಲೆಕ್ಷನ್ ಬಂತೆಂದರೆ ನಮ್ಮ ಕುಪ್ಪೇಲೂರಿಗೆ ಜಾಣರು ಕಾರು ಇಳಿದು ಬರುತ್ತಾರೆ. ಹೆಸರು ಹೇಳಿದರೆ ಸಾಕು, ನಿಮ್ಮ ಪಕ್ಷ ಯಾವುದೆಂದು ಅವರೇ ಹೇಳಿಬಿಡುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದುರು ಮನೆಯ ಕುಲ್ಸುಮಬಿಗೆ ಮಾತ್ರ ನಗು ಬರುತ್ತದೆ.

ಕುಲ್ಸುಮಬಿಗೆ ಅರವತ್ತರ ಆಸುಪಾಸು. ಎರಡೆಕರೆ ಗೋವಿನಜೋಳ, ಒಂದು ಜೋಡಿ ಎಮ್ಮೆ, ಮಾತು ಕಡಿಮೆಯ ಗಂಡ ನಬಿಸಾಬ. ಯಾವ ಪಕ್ಷದವರು ಬಂದು ಕೈಮುಗಿದರೂ ನಬಿಸಾಬ "ಆತ್ರಿ, ನಿಮಗ" ಎಂದು ಚಹಾ ಕುಡಿಸಿ ಕಳಿಸುತ್ತಾನೆ. ಈಕೆ ಹಾಗಲ್ಲ. ಹರೆಯದಲ್ಲಿ ರೈತ ಸಂಘದವರ ಜೊತೆ ಹಾವೇರಿವರೆಗೆ ಘೋಷಣೆ ಕೂಗುತ್ತ ನಡೆದವಳು. ಈಗಲೂ ಚಳಿ ಬಿದ್ದರೆ ಸಂಘದ ಹಸಿರು ಶಾಲನ್ನೇ ಹೊದೆಯುತ್ತಾಳೆ. ಹೋದ ಎಲೆಕ್ಷನ್ನಿನಲ್ಲಿ ಒಬ್ಬ ಜಾಣ ಆ ಶಾಲು ನೋಡಿ ಏನೋ ತಿಳಿದುಕೊಂಡು, "ನಿಮ್ಮ ಮಂದಿ ಎಲ್ಲಾ ಒಂದ ಕಡೆ ಹಾಕ್ತೀರಲ್ಲಬೇ" ಎಂದ. "ನಾನೂ ನನ್ನ ಗಂಡಾನೂ ಒಂದ ಕಡೆ ಹಾಕೋದು ಒಲಿಗೆ ಕಟಗಿ ಅಷ್ಟ ತಮ್ಮಾ" ಎಂದಳು ಕುಲ್ಸುಮಬಿ. ನಬಿಸಾಬ ಅದಕ್ಕೂ ತಲೆಯಾಡಿಸಿದ.

ಆಕೆಗೆ ಮಕ್ಕಳಿಲ್ಲ. ಹೋರಿ ಇದೆ, ಹೆಸರು ಬಹಾದ್ದೂರ. ನಮ್ಮ ಕಡೆ ದೀಪಾವಳಿ ಮುಗಿಯುತ್ತಲೇ ಹೋರಿ ಬೆದರಿಸುವ ಹಬ್ಬ. ಕೋಡಿಗೆ ಬಲೂನು, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು, ಹೋರಿ ಹರಿಯಗೊಡದೆ ದಾಟಬೇಕು. ಅಖಾಡದ ಬಾಯಲ್ಲಿ ನಿಂತು ಹಿಂದಕ್ಕೆ ತಿರುಗಿದ ಹೋರಿಯನ್ನು ಮತ್ತೆ ಯಾವ ಊರಿನವರೂ ಕರೆಯುವುದಿಲ್ಲ.

ಓಣಿಯಲ್ಲಿ ಕನ್ನಡ, ಮನೆಯಲ್ಲಿ ಉರ್ದು ಆಡುವ ಕುಲ್ಸುಮಬಿ ಬಹಾದ್ದೂರನನ್ನು ಕರುವಿದ್ದಾಗಿನಿಂದ ಮನೆಯವರ ಸಾಲಿಗೆ ಸೇರಿಸಿಕೊಂಡಿದ್ದಳು. ಹೀಗಾಗಿ ಕನ್ನಡದಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಅದು ಕಿವಿ ಅಲ್ಲಾಡಿಸದು. ಉರ್ದುವಿನಲ್ಲಿ ಕರೆದರೂ ಎಲ್ಲರ ಮಾತು ಕೇಳದು. ಅದು ಕೇಳುತ್ತಿದ್ದುದು ಇಬ್ಬರದೇ ಮಾತು, ಕುಲ್ಸುಮಬಿಯದು ಮತ್ತು ಹನುಮೇಶನದು.

ಹನುಮೇಶ ಹಿತ್ತಲ ಮನೆಯ ದುರಗವ್ವನ ಮಗ. ದಿನಾ ನಸುಕಿನಲ್ಲಿ ಹೋರಿಯನ್ನು ಹೊಲದಲ್ಲಿ ಓಡಿಸಿ ಕೆರೆಯಲ್ಲಿ ಈಜಿಸುವವ. ಕೇಸರಿ ಶಾಲಿನ ಹುಡುಗ, ಮೊಬೈಲಿನಲ್ಲಿ ಬರೆಯುವುದೆಲ್ಲ ಬೆಂಕಿ. ಹೋರಿಯ ಮುಂದೆ ನಿಂತಾಗ ಮಾತ್ರ "ಆಜಾ ಮೇರೆ ರಾಜಾ" ಎಂದು ಬೆಣ್ಣೆಯಾಗುತ್ತಿದ್ದ. ಕುಲ್ಸುಮಬಿಯ ತಂಗಿಯ ಮಗ ತೌಸಿಫ್ ಎದುರು ಪಕ್ಷದ ಕಟ್ಟಾಳು. ಹೋರಿಯ ವಿಡಿಯೋ ತೆಗೆಯುವುದರಲ್ಲಿ ಹುಲಿ, ಹತ್ತಿರ ಹೋಗುವುದರಲ್ಲಿ ಇಲಿ. ಇಬ್ಬರೂ ಆಕೆಯ ಅಡಿಗೆಮನೆಯಲ್ಲಿ ಒಂದೇ ತಾಟಿನ ರೊಟ್ಟಿ ಮುರಿಯುತ್ತ ಎಲೆಕ್ಷನ್ ಜಗಳ ಆಡುತ್ತಿದ್ದರು. ಆ ಗದ್ದಲ ಕೇಳದಿದ್ದರೆ ನನಗೆ ಬೆಳಗಾಗುತ್ತಿರಲಿಲ್ಲ.

ಈ ವರ್ಷ ಬ್ಯಾಡಗಿ ಕಡೆಯ ಸ್ಪರ್ಧೆಗೆ ಬಹಾದ್ದೂರನಿಗೆ ಕರೆ ಬಂತು. ಬೆನ್ನ ಮೇಲೆ ಹೊದಿಸುವ ಬಟ್ಟೆ ಯಾವ ಬಣ್ಣದ್ದಿರಬೇಕೆಂಬ ಮಾತೂ ಎದ್ದಿತು. ಹನುಮೇಶ ಕೇಸರಿ ತಂದ, ತೌಸಿಫ್ ತನ್ನ ಪಕ್ಷದ ಬಾವುಟ ತಂದ. ಕುಲ್ಸುಮಬಿ ಎರಡನ್ನೂ ಮಡಿಚಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. "ಹೋರಿಗಿನ್ನೂ ವೋಟ್ ಬಂದಿಲ್ಲ" ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಹನುಮೇಶನ ರಾಣೆಬೆನ್ನೂರಿನ ಗೆಳೆಯರಿಗೆ ಸುದ್ದಿ ಮುಟ್ಟಿತು. "ನೀ ನಮ್ಮಾಂವೋ, ಸಾಬರ ಹೋರಿ ಕಾಯಾಂವೋ?" ಎಂದು ರೇಗಿಸಿದರು. ತೌಸಿಫನ ಗೆಳೆಯರೇನು ಕಡಿಮೆಯೇ? "ನಿಮ್ಮ ಹೋರಿ ಹಗ್ಗ ಅವನ ಕೈಯಾಗ ಯಾಕ ಕೊಟ್ಟೀರಿ?" ಎಂದು ಅವರೂ ಚುಚ್ಚಿದರು. ಹನುಮೇಶ ಬರುವುದನ್ನೇ ಬಿಟ್ಟ.

ಕುಲ್ಸುಮಬಿಯ ಮುಖ ನೋಡಲಾಗುತ್ತಿರಲಿಲ್ಲ. ನಾನು ಕರೆದು ತರುತ್ತೇನೆಂದು ಎದ್ದರೆ ತಡೆದಳು. "ಬ್ಯಾಡ್ರಿ ಅಣ್ಣಾರ. ಹೋರಿ ಓಡದಿದ್ರ ಹೋಗ್ಲಿ ಬಿಡ್ರಿ. ಹುಡುಗ ತಾನ ಬರಬೇಕು. ಎಳಕೊಂಡು ಬಂದ್ರ ಅದು ಬಂದಂಗಲ್ಲ." ಹೋರಿಗಿಂತ ಹುಡುಗ ಕೈತಪ್ಪಿದ ಸಂಕಟವೇ ಆಕೆಗೆ ದೊಡ್ಡದು.

ಸ್ಪರ್ಧೆಯ ದಿನ ನಾವೆಲ್ಲ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದೆವು. ಹೆಂಗಸರನ್ನು ಅಖಾಡದ ಹತ್ತಿರ ಬಿಡುವುದಿಲ್ಲ. ಕುಲ್ಸುಮಬಿ ದೂರದ ಟ್ರೇಲರ್ ಮೇಲೆ ದುರಗವ್ವನ ಪಕ್ಕ ನಿಂತಳು. ಬೇಲಿಯಾಚೆ ಹನುಮೇಶನೂ ಇದ್ದ, ಕೊರಳಲ್ಲಿ ಶಾಲು, ಸುತ್ತ ಅವೇ ಗೆಳೆಯರು. ಆಕೆ ನೋಡಿದಳು, ಕರೆಯಲಿಲ್ಲ.

ಮೈಕಿನಲ್ಲಿ ಬಹಾದ್ದೂರನ ಹೆಸರು ಬಂತು. ಹೋರಿ ಅಖಾಡದ ಬಾಯಿಗೆ ಬಂದು ಕಂಬ ಹುಗಿದಂತೆ ನಿಂತುಬಿಟ್ಟಿತು. ತೌಸಿಫ್ ದೂರದಿಂದ ಕರೆದ, ನಬಿಸಾಬ ಬೆನ್ನು ತಟ್ಟಿದ. ಏನು ಮಾಡಿದರೂ ಕದಲದು. ಡಿಜೆಯ ಮತ್ತು ಜನರ ಅಬ್ಬರದಲ್ಲಿ ಕುಲ್ಸುಮಬಿಯ ಕೂಗು ಅರ್ಧ ದಾರಿಗೂ ಮುಟ್ಟಲಿಲ್ಲ. ಡಿಜೆ ನಿಲ್ಲಿಸಿ ಮೈಕಿನವ ಹೋರಿಯ ಹತ್ತಿರ ಬಂದು ಹೇಳಿದ, "ಮಾಲಕರು ಲಗೂ ಬಿಡ್ರಿ, ಇಲ್ಲಾಂದ್ರ ಹೋರಿ ಹಿಂದಕ್ಕ ಒಯ್ಯಿರಿ."

ಹೋರಿ ಹಿಂದಕ್ಕೆ ಕತ್ತು ತಿರುಗಿಸಿತು. ಅಷ್ಟರಲ್ಲಿ ಯಾರೋ ಬೇಲಿ ಹಾರಿದರು. ಶಾಲು ಬೇಲಿಯ ಗಳಕ್ಕೆ ಸಿಕ್ಕಿ ಚರ್ರೆಂದು ಹರಿಯಿತು. ಹನುಮೇಶ! ಓಡಿಬಂದವನೇ ಹೋರಿಯ ಕೊರಳಡಿಯ ಗಂಗೆದೊಗಲು ನೇವರಿಸುತ್ತ ಕಿವಿಯ ಹತ್ತಿರ ಬಾಯಿಟ್ಟ.

"ಅರೇ ಮೇರೆ ರಾಜಾ, ಕ್ಯಾ ಹುವಾ ರೇ? ಗುಸ್ಸಾ ಆಯಾ? ಚಲ್ ಬೇಟಾ, ಅಮ್ಮಾ ದೇಖ್ ರಹೀ ಹೈ!"

ಮೈಕಿನವ ಹತ್ತಿರವೇ ನಿಂತಿದ್ದನಲ್ಲ, ಸಿಟ್ಟು ಬಂತಾ, ನಡಿ ಮಗನೇ, ಅಮ್ಮ ನೋಡುತ್ತಿದ್ದಾಳೆ ಎಂಬ ಈ ಉರ್ದು ಮುದ್ದುಮಾತೆಲ್ಲ ಇಡೀ ಬಯಲಿಗೆ ಕೇಳಿಸಿತು. ಜನ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಹನುಮೇಶನ ಗೆಳೆಯರೇ. ಟ್ರೇಲರ್ ಮೇಲೆ ದುರಗವ್ವ ಬಾಯಿಗೆ ಸೆರಗು ಹಿಡಿದು, "ಯಕ್ಕಾ, ಹಡದ ನನ್ನ ಜೋಡಿ ಒಮ್ಮೆನೂ ಹಿಂಗ ಮಾತಾಡಿಲ್ಲ ನೋಡ ಈ ಭಾಡ್ಯಾ!" ಎಂದಳು.

ಬಹಾದ್ದೂರ ಒಮ್ಮೆ ಕಿವಿ ಕೊಡವಿತು. ಆಮೇಲೆ ಹಾರಿತು ನೋಡಿ! ಕೊಬ್ಬರಿಗೆ ಕೈಹಾಕಿದವರ ಕೈಗೆ ದೂಳು ಸಿಕ್ಕಿತು. ನಾನು ತಲೆಯ ಪಟಗ ಬಿಚ್ಚಿ ಕುಣಿದೆ, ನನ್ನ ವಯಸ್ಸು ನನಗೆ ನೆನಪಿರಲಿಲ್ಲ. ಸುಮ್ಮನಿರುವ ನಬಿಸಾಬ ಕೂಡ ಸಿಳ್ಳೆ ಹೊಡೆದ.

ಹನುಮೇಶ ಟ್ರೇಲರ್ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. ಗೆಳೆಯರು ಹಿಂದೆಯೇ ಇದ್ದರು. ಅವರಿಗೂ ಕೇಳಲೆಂದೋ ಏನೋ, ಗಟ್ಟಿಯಾಗಿಯೇ ಹೇಳಿದ, "ದೊಡ್ಡವ್ವಾ, ನಾ ನಮ್ಮ ಪಕ್ಷ ಬಿಡಾಂವಲ್ಲ."

"ಬಿಡು ಅಂದವ್ರ್ಯಾರೋ ಹನುಮ್ಯಾ?" ಕುಲ್ಸುಮಬಿ ಸರಸರನೆ ಕೆಳಗಿಳಿದಳು. "ನೀ ಬಿಟ್ಟಿ ಅಂದ್ರ ಈ ತೌಸಿಫ್ ಮುಂಜಾನೆದ್ದು ಯಾರ ಜೋಡಿ ಜಗಳಾಡಬೇಕು? ಇಷ್ಟು ದಿನ ಗ್ವಾಡಿ ಜೋಡಿ ಮಾತಾಡ್ಯಾನ ಪಾಪ."

ಹನುಮೇಶನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆಕೆ ಸೆರಗಿನಿಂದ ಅವನ ಮುಖದ ದೂಳು ಒರೆಸಿದಳು. ಅವನ ಗೆಳೆಯನೊಬ್ಬ ಮುಂದೆ ಬಂದು ಸಂಕೋಚದಿಂದ ಕೇಳಿದ, "ಅವ್ವಾರ, ಹೋರಿ ಜೋಡಿ ಒಂದು ಫೋಟೋ ತಕ್ಕೊಳ್ಳಲೇನ್ರಿ?"

"ಅದರ ಹತ್ರ ಹೋಗಾಕ ನಮ್ಮ ಹನುಮೇಶನ್ನ ಕೇಳ್ಕೋ" ಎಂದಳು ಕುಲ್ಸುಮಬಿ.