ಒಳಮೂಲೆಗೆ ಬಿದ್ದ ಚೆಂಡು

ಕೊರೋನಾ ಕಾಟ ಮುಗಿದು ಶಾಲೆಗಳು ಸರಿಯಾಗಿ ನಡೆಯತೊಡಗಿದ ಎರಡನೆಯ ವರ್ಷ ಅದು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೆ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ನಿವೃತ್ತಿ ಹತ್ತಿರವಾಗಿತ್ತು, ಮಂಡಿನೋವು ಶುರುವಾಗಿತ್ತು, ಸಿಟ್ಟು ಮಾತ್ರ ಮೊದಲಿನ ಹಾಗೇ ಇತ್ತು. ಜೀವನಪೂರ್ತಿ ಖೋ-ಖೋ, ಕಬಡ್ಡಿ, ಥ್ರೋಬಾಲ್ ಕಲಿಸಿಕೊಂಡು ಬಂದ ನನಗೆ ಸಾಫ್ಟ್‌ಬಾಲ್ ಗಂಟುಬಿದ್ದದ್ದು ಅದರ ಹಿಂದಿನ ವರ್ಷ. ತರಬೇತಿಗೆ ಹೋಗಿ ಬಂದೆ, ನಿಯಮದ ಪುಸ್ತಕ ಓದಿದೆ, ಮೊಬೈಲಿನಲ್ಲಿ ವಿಡಿಯೊ ನೋಡಿದೆ. ನೋಡನೋಡುತ್ತಾ ಆ ಆಟದ ಹುಚ್ಚು ಹಿಡಿಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ಸಾಫ್ಟ್‌ಬಾಲ್ ಆದರೂ ಚೆಂಡು ಮೆತ್ತಗಿಲ್ಲ, ತಗುಲಿದರೆ ಊದಿಕೊಳ್ಳುತ್ತದೆ. ಪಿಚರ್ ಎನ್ನುವವಳು ತೋಳನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದ ಚೆಂಡು ಎಸೆಯುತ್ತಾಳೆ. ಎದುರಿಗೆ ಹದಿನೇಳು ಅಂಗುಲ ಅಗಲದ ಬಿಳಿ ಹಲಗೆ, ಅದು ಹೋಮ್ ಪ್ಲೇಟ್. ಚೆಂಡು ಆ ಪ್ಲೇಟಿನ ಮೇಲೆ, ಬ್ಯಾಟರ್‌ನ ಮಂಡಿಗೂ ಕಂಕುಳಿಗೂ ನಡುವೆ ಹಾದುಹೋದರೆ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್. ಪ್ಲೇಟಿನಲ್ಲಿ ಬ್ಯಾಟರ್‌ಗೆ ಹತ್ತಿರದ ಅಂಚು ಒಳಮೂಲೆ, ದೂರದ ಅಂಚು ಹೊರಮೂಲೆ. ಬೇಕಾದ ಮೂಲೆಗೇ ಚೆಂಡು ಹಾಕುವ ಹಿಡಿತಕ್ಕೆ ಲೊಕೇಶನ್ ಎನ್ನುತ್ತಾರೆ. ಯಾವ ಮೂಲೆಗೆ ಹಾಕಬೇಕೆಂದು ಪ್ಲೇಟಿನ ಹಿಂದೆ ಕೂತ ಕ್ಯಾಚರ್ ತೀರ್ಮಾನಿಸಿ ಹೇಳುವುದು ಪಿಚ್ ಕಾಲಿಂಗ್.

ನನ್ನ ಪಿಚರ್ ನಾಗವೇಣಿ, ಹತ್ತನೇ ತರಗತಿ. ಉದ್ದ ಕೈ, ಕಡಿಮೆ ಮಾತು. ಕ್ಯಾಚರ್ ಹರ್ಷಿತಾ, ಅದೇ ತರಗತಿ. ಇವಳದು ವೇಣಿ ಉಳಿಸಿದ ಮಾತನ್ನೂ ಸೇರಿಸಿ ಆಡುವ ಬಾಯಿ. ಇಬ್ಬರೂ ಒಂದೇ ಊರಿನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಎರಡು ಬಿದಿರು ಗಳ ನೆಟ್ಟು, ನಡುವೆ ದಾರ ಕಟ್ಟಿ, ಸ್ಟ್ರೈಕಿನ ಚೌಕಟ್ಟು ಮಾಡಿದ್ದೆ. ಮಾವಿನ ಮಂಡಿಯಿಂದ ಬೇಡಿ ತಂದ ಹಳೇ ಪ್ಲಾಸ್ಟಿಕ್ ಕ್ರೇಟುಗಳನ್ನು ಅದರ ಹಿಂದೆ ಒಳಗೆರಡು ಹೊರಗೆರಡು, ಮೇಲೊಂದು ಕೆಳಗೊಂದರಂತೆ, ನಾಲ್ಕು ಮೂಲೆಗೂ ಜೋಡಿಸಿದ್ದೆ. ವೇಣಿ ಎಸೆದ ಚೆಂಡು ಹೇಳಿದ ಕ್ರೇಟಿನೊಳಗೇ ಹೋಗಿ ಬೀಳುತ್ತಿತ್ತು. ನೋಡುತ್ತಾ ನಿಂತರೆ ಹೊಟ್ಟೆ ತುಂಬುತ್ತಿತ್ತು.

ಆದರೆ ಹಿಂದಿನ ವರ್ಷ ಮಾಲೂರಿನಲ್ಲಿ ಒಂದು ಸ್ನೇಹದ ಪಂದ್ಯ ಆಡುವಾಗ ಅವಳ ಚೆಂಡು ಕೈಜಾರಿ, ಟೇಕಲ್ ಕಡೆಯ ಒಬ್ಬ ಹುಡುಗಿಯ ಮೊಣಕೈಗೆ ಬಡಿದಿತ್ತು. ಮೂಳೆಗೇನೂ ಆಗಿರಲಿಲ್ಲ, ವಾರದಲ್ಲಿ ಊತ ಇಳಿಯಿತು. ವೇಣಿಯ ಮನಸ್ಸಿನಲ್ಲಿ ಮಾತ್ರ ಅದು ಇಳಿಯಲಿಲ್ಲ. ಕ್ರೇಟಿಗೆ ಎಸೆಯುವಾಗ ನಾಲ್ಕೂ ಮೂಲೆ ಅವಳ ಮಾತು ಕೇಳುತ್ತಿದ್ದವು. ಬ್ಯಾಟ್ ಹಿಡಿದು ಯಾರಾದರೂ ನಿಂತರೆ ಸಾಕು, ಒಳಮೂಲೆಗೆ ಹೇಳಿದ ಚೆಂಡೂ ಹೊರಕ್ಕೆ ಜಾರಿಕೊಳ್ಳುತ್ತಿತ್ತು. ಬರೀ ಹೊರಮೂಲೆಗೆ ಎಸೆಯುವ ಪಿಚರ್ ಅರ್ಧ ಪಿಚರ್. ಎದುರಾಳಿಗೆ ಅದು ಗೊತ್ತಾದರೆ ಪ್ಲೇಟಿಗೆ ಒತ್ತಿ ನಿಂತು ಆರಾಮಾಗಿ ಬಾರಿಸುತ್ತಾರೆ.

ಒಂದು ದಿನ ತಲೆಕೆಟ್ಟು ನಾನೇ ಹೆಲ್ಮೆಟ್ ಹಾಕಿಕೊಂಡು ಬ್ಯಾಟ್ ಹಿಡಿದು ನಿಂತೆ. "ನನಗೆ ತಗುಲಿದ್ರೆ ತಗುಲ್ಲಿ, ಒಳಗೆ ಹಾಕೇ," ಎಂದು ಗದರಿದೆ. ವೇಣಿ ಕಣ್ಣಲ್ಲಿ ನೀರು ತುಂಬಿಕೊಂಡು ಎಸೆದಳು. ತೊಡೆಗೇ ಬಿತ್ತು. ಮನೆಯಲ್ಲಿ ನಾನು ಕುಂಟುವುದನ್ನು ನೋಡಿ ನಮ್ಮವರು, "ನಿವೃತ್ತಿಗೆ ಮುಂಚೆ ಒಂದು ಕಾಲು ಇಲಾಖೆಗೆ ಬಿಟ್ಟು ಬರ್ತೀಯೇನೋ," ಎಂದು ಕಿಚಾಯಿಸಿದರು. ಮರುದಿನ ಮತ್ತೆ ಹೋಗಿ ನಿಂತೆ. ನಿಲ್ಲುತ್ತಲೇ ಇದ್ದೆ. ಆಮೇಲೆ ನನಗೆ ತಗುಲಲಿಲ್ಲ, ಆದರೆ ಒಳಮೂಲೆಗೂ ಪೂರ್ತಿ ಬರಲಿಲ್ಲ.

ಹರ್ಷಿತಾಗೆ ನಾನು ಕಲಿಸಿದ್ದು ಒಂದೇ, ಬ್ಯಾಟರ್‌ನ ಮುಖ ನೋಡಬೇಡ, ಕಾಲು ನೋಡು ಅಂತ. ಅವಳಿಗೆ ಅದು ಮೊದಲೇ ಗೊತ್ತಿತ್ತು. "ನಮ್ಮ ಮನೇಲಿ ಒದೆಯೋ ಹಸು ಐತೆ ಮಿಸ್. ಒದೆಯೋಕೆ ಮುಂಚೆ ಭಾರ ಒಂದು ಕಡೆಗೆ ಹಾಕ್ತದೆ. ನೋಡ್ಕೊಂಡೇ ಹಾಲು ಕರೀಬೇಕು," ಎಂದಳು. ಬ್ಯಾಟರ್ ಹಿಮ್ಮಡಿ ಎತ್ತಿದಳೋ, ಮುಂದಕ್ಕೆ ಬಾಗಿದಳೋ, ಎಲ್ಲವನ್ನೂ ಗಮನಿಸಿ ಬೆರಳಿನ ಸನ್ನೆಯಲ್ಲಿ ಮೂಲೆ ಹೇಳುತ್ತಿದ್ದಳು. ಪಂದ್ಯದಲ್ಲಿ ನಾನು ಬೆಂಚಿನಿಂದ ಬಾಯಿ ಹಾಕುವುದನ್ನೇ ಬಿಟ್ಟುಬಿಟ್ಟೆ. ನನಗಿಂತ ಅವಳ ತೀರ್ಮಾನ ಚುರುಕಾಗಿತ್ತು.

ಜಿಲ್ಲಾ ಮಟ್ಟದಲ್ಲಿ ಮಾಲೂರನ್ನೂ ಮುಳಬಾಗಿಲನ್ನೂ ಸೋಲಿಸಿದೆವು. ವಿಭಾಗ ಮಟ್ಟದ ಪಂದ್ಯಗಳು ಕೋಲಾರದಲ್ಲೇ ನಡೆದವು. ಫೈನಲ್ ಬೆಂಗಳೂರಿನ ಒಂದು ಶಾಲೆಯ ಮೇಲೆ. ಗೆದ್ದವರು ರಾಜ್ಯ ಮಟ್ಟಕ್ಕೆ. ಆ ಬೆಳಿಗ್ಗೆ ವೇಣಿ ನನ್ನ ಬಳಿ ಬಂದು, "ಇವತ್ತು ಯಾರಿಗಾದ್ರೂ ತಗುಲಿದ್ರೆ ನಾನು ಇನ್ನು ಬಾಲ್ ಮುಟ್ಟಲ್ಲ ಮಿಸ್. ಬೈಬೇಡಿ," ಎಂದಳು. ಹಟದ ಮಾತಲ್ಲ ಅದು, ಯೋಚಿಸಿ ಆಡಿದ ಮಾತು. ನಾನು ಬೈಯದೆ ಚೆಂಡನ್ನು ಅವಳ ಕೈಗಿಟ್ಟೆ.

ಪಂದ್ಯ ಮಧ್ಯಾಹ್ನದ ಮೇಲೆ ಶುರುವಾಯಿತು. ಹೊತ್ತು ಇಳಿದಂತೆ ಬಿಸಿಲು ನೇರ ವೇಣಿಯ ಕಣ್ಣಿಗೆ ಹೊಡೆಯತೊಡಗಿತು. ಹರ್ಷಿತಾಳ ಬೆರಳು ಕಾಣದಾಯಿತು. ಅವಳ ಕೈಯ ಗ್ಲೌಸ್ ದೊಡ್ಡದು, ಕಾಣುತ್ತದೆ, ನಿಜ. ಆದರೆ ಅದನ್ನು ಮೊದಲೇ ಮೂಲೆಗೆ ಹಿಡಿದರೆ ಬೇಸಿನಲ್ಲಿ, ಅಂದರೆ ರನ್ನಿಗೆ ಓಡುವ ದಾರಿಯ ನಿಲ್ದಾಣಗಳಲ್ಲಿ, ನಿಂತ ಎದುರಾಳಿಗಳು ನೋಡಿ ಬ್ಯಾಟರ್‌ಗೆ ಕೂಗಿ ಹೇಳುತ್ತಾರೆ. ಆಗ ಈ ಹುಡುಗಿಯರು ನಮ್ಮ ಸೀಮೆಯವರಿಗಷ್ಟೇ ಹೊಳೆಯುವ ಉಪಾಯ ಮಾಡಿದರು. ನಮ್ಮ ಕಡೆ ಹೊರಗಿನವರ ಮುಂದೆ ಗುಟ್ಟಿನ ಮಾತು ಬಂದರೆ ತೆಲುಗಿಗೆ ಹೊರಳುವುದು ರೂಢಿ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಹೆಣ್ಣು ನೋಡಲು ಬಂದವರ ಎದುರಿಗೂ ಅಷ್ಟೇ. ಮುಳಬಾಗಿಲಿನವರ ಮುಂದೆ ಈ ಆಟ ನಡೆಯುವುದಿಲ್ಲ, ಅವರ ತೆಲುಗು ನಮ್ಮದಕ್ಕಿಂತ ಜೋರು. ಬೆಂಗಳೂರಿನವರಿಗೆ ಎಲ್ಲಿಂದ ಬರಬೇಕು ಎಂದುಕೊಂಡು ಹರ್ಷಿತಾ ಬಾಯಿಬಿಟ್ಟೇ ಹೇಳತೊಡಗಿದಳು. ಒಳಮೂಲೆಗೆ "ಲೋಪಲ", ಹೊರಮೂಲೆಗೆ "ಬಯಟ".

ವೇಣಿಯ ಚೆಂಡುಗಳಿಗೆ ಏಟು ಬೀಳತೊಡಗಿದವು. ಮೂರು ರನ್ನಿನ ಮುನ್ನಡೆ ಒಂದಕ್ಕೆ ಇಳಿಯಿತು. ಕೊನೆಯ ಇನಿಂಗ್ಸ್, ಇಬ್ಬರು ಔಟಾಗಿದ್ದರು, ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ಅವರ ಓಟಗಾರ್ತಿಯರು ಓಡಲು ತಯಾರಾಗಿದ್ದರು. ಬ್ಯಾಟ್ ಹಿಡಿದವಳು ಜುಟ್ಟು ಕಟ್ಟಿದ ಗಟ್ಟಿ ಹುಡುಗಿ. ಅವಳಿಗೆ ಎರಡು ಸ್ಟ್ರೈಕ್ ಆಗಿತ್ತು. ಇನ್ನೊಂದು ಸ್ಟ್ರೈಕ್ ಬಿದ್ದರೆ ನಾವು ಗೆದ್ದಂತೆ, ಒಂದು ಒಳ್ಳೆಯ ಏಟು ಬಿದ್ದರೆ ಸೋತಂತೆ. ಹರ್ಷಿತಾ ಅಂಪೈರ್ ಹತ್ತಿರ ಆಟಕ್ಕೊಂದು ಗಳಿಗೆ ಬಿಡುವು ಕೇಳಿ ವೇಣಿಯ ಬಳಿಗೆ ಓಡಿದಳು. ಅಲ್ಲಿ ಆಡಿಕೊಂಡ ಮಾತನ್ನು ಅವರಿಬ್ಬರೂ ನನಗೆ ಆಮೇಲೆ ಹೇಳಿದರು.

"ವೇಣಿ, ಅವರಿಗೆ ತೆಲುಗು ಬರ್ತದೆ ಕಣೇ."

"ಯಾರು ಹೇಳಿದ್ರು?"

"ಅವಳ ಕಾಲೇ ಹೇಳ್ತು. ನಾನು ಬಯಟ ಅಂದ ತಕ್ಷಣ ಪ್ಲೇಟಿನ ಕಡೆಗೆ ಸರೀತಾಳೆ. ಈಗಲೂ ಬಯಟ ಅಂತ್ಲೇ ಕೂಗ್ತೀನಿ. ನೀನು ಒಳಗೆ ಹಾಕು."

"ಅವಳು ಬಗ್ಗಿರ್ತಾಳಲ್ಲೇ. ತಗಲ್ತದೆ."

"ಪ್ಲೇಟಿನ ಮೇಲೆ ಹೋಗೋ ಬಾಲು ಅವಳಿಗೆ ಹೆಂಗೆ ತಗಲ್ತದೆ? ನೀನು ಅವಳ್ನ ನೋಡ್ಬೇಡ. ಕೊನೇ ಗಳಿಗೇಲಿ ಗ್ಲೌಸ್ ಹಿಡೀತೀನಿ, ಅದನ್ನ ನೋಡು."

ವೇಣಿ ಚೆಂಡಿನ ಹೊಲಿಗೆಯ ಮೇಲೆ ಬೆರಳು ಸರಿಮಾಡಿಕೊಂಡಳು. ಹರ್ಷಿತಾ ವಾಪಸ್ ಬಂದು ಕೂತಳು.

ಬೆಂಚಿನಲ್ಲಿದ್ದ ನನಗೆ ಇದೊಂದೂ ಗೊತ್ತಿಲ್ಲ. "ಬಯಟ" ಎಂದು ಹರ್ಷಿತಾ ಕೂಗಿದ್ದು ಕೇಳಿಸಿತು. ಬ್ಯಾಟರ್ ಅರ್ಧ ಹೆಜ್ಜೆ ಪ್ಲೇಟಿಗೆ ಒತ್ತಿ ಬಂದದ್ದು ಕಾಣಿಸಿತು. ಆಗ ನನಗೂ ವಿಷಯ ಹೊಳೆಯಿತು. ಕೆಟ್ಟೆವು ಎಂದುಕೊಂಡೆ. ವೇಣಿಯ ತೋಳು ಸುತ್ತು ತಿರುಗಿತು. ಚೆಂಡು ಒಳಕ್ಕೆ ಬಂತು. ಬಗ್ಗಿದ್ದ ಹುಡುಗಿ ಬೆಚ್ಚಿ ಹೊಟ್ಟೆಯನ್ನು ಹಿಂದಕ್ಕೆಳೆದುಕೊಂಡಳು, ಬ್ಯಾಟ್ ಬೀಸಲು ಆಗಲೇ ಇಲ್ಲ. ಮಂಡಿಯ ಮೇಲಕ್ಕೆ ಒಂದು ಗೇಣು, ಪ್ಲೇಟಿನ ಒಳ ಅಂಚನ್ನು ಸವರಿಕೊಂಡು ಹೋಗಿ ಗ್ಲೌಸಿನಲ್ಲಿ ಕೂತಿತು. ವರ್ಷವೆಲ್ಲ ನಾನು ಮುಂದೆ ನಿಂತರೂ ಬರದಿದ್ದ ಚೆಂಡು ಅದು. ಅಂಪೈರ್ ಕೈ ಎತ್ತಿ ಮೂರನೇ ಸ್ಟ್ರೈಕ್ ಎಂದರು.

ನಮ್ಮ ಹುಡುಗಿಯರು ಕಿರುಚುತ್ತಾ ಮೈದಾನದ ನಡುವಿಗೆ ನುಗ್ಗಿದರು. ನನ್ನ ಮಂಡಿನೋವು ಎಲ್ಲಿ ಹೋಯಿತೋ, ನಾನೂ ಓಡಿದೆ. ಎಲ್ಲರೂ ತಬ್ಬಿಕೊಳ್ಳಲು ವೇಣಿಯನ್ನು ಹುಡುಕುತ್ತಿದ್ದರೆ ಅವಳು ಅಲ್ಲಿರಲಿಲ್ಲ. ನೆಟ್ಟಗೆ ಪ್ಲೇಟಿನ ಬಳಿಗೆ ಹೋಗಿ, ಔಟಾಗಿ ತಲೆ ತಗ್ಗಿಸಿ ನಿಂತಿದ್ದ ಆ ಹುಡುಗಿಯ ಕೈಯನ್ನು ಮುಟ್ಟಿ ನೋಡುತ್ತಿದ್ದಳು.

"ತಗಲ್ಲೇದು ಕದಾ?" ಎಂದು ತೆಲುಗಿನಲ್ಲೇ ಕೇಳಿದಳು. ತಗುಲಲಿಲ್ಲ ತಾನೇ ಎಂದು.

ಆ ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. "ಲೇದಕ್ಕಾ," ಎಂದಳು. "ಮಾ ಅಮ್ಮವಾಳ್ಳದಿ ಮದನಪಲ್ಲೆ." ಅವರಮ್ಮನ ತವರು ಮದನಪಲ್ಲಿಯಂತೆ. ನಮ್ಮೂರಿನಿಂದ ಆಂಧ್ರದ ಗಡಿ ದಾಟಿದರೆ ಮದನಪಲ್ಲಿ.

ರಾಜ್ಯ ಮಟ್ಟದ ಮೊದಲ ಪಂದ್ಯದಲ್ಲೇ ಸೋತು ಬಂದೆವು, ಅದರ ಬಗ್ಗೆ ನನಗೆ ಬೇಜಾರಿಲ್ಲ. ವೇಣಿ ಅಲ್ಲಿ ನಾಲ್ಕೂ ಮೂಲೆಗೆ ಎಸೆದಳು. ಈಗ ಹೊಸ ಪಿ.ಟಿ. ಮೇಷ್ಟ್ರುಗಳು ಲೊಕೇಶನ್ ಕಲಿಸುವುದು ಹೇಗೆ ಎಂದು ಫೋನ್ ಮಾಡಿ ಕೇಳುತ್ತಾರೆ. ದಾರ ಕಟ್ಟಿ, ಕ್ರೇಟ್ ಇಡಿ, ಕ್ಯಾಚರ್ ಹೇಳಿದ್ದನ್ನು ನಂಬುವುದಕ್ಕೆ ಕಲಿಸಿ ಎನ್ನುತ್ತೇನೆ. ಇನ್ನೊಂದು ಮಾತು ಫೋನಿನಲ್ಲಿ ಹೇಳಲು ಬರುವುದಿಲ್ಲ, ಇಲ್ಲಿ ಬರೆಯುತ್ತೇನೆ. ಆ ವರ್ಷವೆಲ್ಲ ನಾನು ವೇಣಿಯ ಭಯ ಬಿಡಿಸಲು ಹೆಣಗಿದೆ. ಅವಳು ಭಯ ಬಿಡಲೇ ಇಲ್ಲ, ಅದನ್ನು ಇಟ್ಟುಕೊಂಡೇ ಎಸೆದಳು. ಎದುರಿಗಿರುವವಳಿಗೆ ನೋವಾಗಬಾರದು ಎಂದು ಅಷ್ಟು ಹೆದರುವವಳ ಕೈಗೇ ಅಂಥ ಹಿಡಿತ ಬರುತ್ತದೆ ಎಂಬುದನ್ನು ನನ್ನ ಕೆಲಸ ನನಗೆ ಅಷ್ಟು ತಡವಾಗಿ, ಆ ಹುಡುಗಿಯ ಕೈಯಿಂದ ಕಲಿಸಿತು.