ಅತ್ತಿಗೆ ಅಲ್ಮಾಟಿ ತಲುಪಿದ್ದು

ನಮ್ಮ ಅತ್ತಿಗೆಯನ್ನು ಹೊಗಳಲು ನನಗೆ ಯಾರೂ ಸಂಬಳ ಕೊಡುತ್ತಿಲ್ಲ. ನಾದಿನಿಯಾದವಳು ಅತ್ತಿಗೆಯನ್ನು ಹೊಗಳುವುದು ನಮ್ಮ ಕಡೆ ಅಂಥ ವಾಡಿಕೆಯೂ ಅಲ್ಲ. ಆದರೂ ಹೊಗಳುತ್ತೇನೆ. ಇಸ್ತಾಂಬುಲ್‌ನಿಂದ ಕಝಾಕ್‌ಸ್ತಾನದ ಅಲ್ಮಾಟಿಯವರೆಗೆ ಹಳೆಯ ಕಾರುಗಳ ರ‍್ಯಾಲಿ ನಡೆಯಿತಲ್ಲ, ಅದರಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳಿದವಳು ನಾನು, ಮಾಳವಿಕಾ. ಅದರ ಬಗ್ಗೆ ಲೀಡ್ಸ್‌ನ ನಮ್ಮ ಕನ್ನಡದವರು ಈಗ ಬಾಯಿಗೆ ಬಂದಂತೆ ಕಥೆ ಕಟ್ಟುತ್ತಿದ್ದಾರೆ. ಕಣ್ಣಾರೆ ಕಂಡವಳು ನಾನಿರುವಾಗ ಅವರಿಗೇಕೆ ಆ ಶ್ರಮ?

ಅತ್ತಿಗೆಯ ಹೆಸರು ನೀರಜಾ. ಮನೆ ಲೀಡ್ಸ್‌ನ ಹೆಡಿಂಗ್ಲೀ ಬಡಾವಣೆಯಲ್ಲಿ. ನಿವೃತ್ತಿಯಾಗುವವರೆಗೆ ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರಾಗಿದ್ದರು. ರೋಗಿಯ ಮುಖ ನೋಡದೆ, ರಕ್ತ ನೋಡಿ ರೋಗ ಹೇಳುವ ಕೆಲಸ. ಮದುವೆಯಾಗಿ ಮೈಸೂರಿನಿಂದ ಬಂದಾಗ ನಮ್ಮಣ್ಣ ಶ್ರೀರಂಗ ಆಗಲೇ ಇಲ್ಲಿ ಸರ್ಜನ್. ಅಣ್ಣ ತುಂಬಾ ಒಳ್ಳೆಯವನು, ಆ ಒಳ್ಳೆಯತನದ್ದೇ ಕಾಟ. ಅತ್ತಿಗೆ ಬ್ಯಾಂಕಿಗೆ ಹೊರಟರೆ "ನಾನಿದ್ದೀನಲ್ಲ". ತರಕಾರಿ ತರಲು ಹೊರಟರೆ "ನಾನಿದ್ದೀನಲ್ಲ". ಡ್ರೈವಿಂಗ್ ಟೆಸ್ಟಿನಲ್ಲಿ ಅತ್ತಿಗೆ ಆರೋ ಏಳೋ ಸಲ ಫೇಲಾದರು. ರೌಂಡ್‌ಅಬೌಟ್ ಎಂಬ ವೃತ್ತ ಬಂತೆಂದರೆ ಅವರಿಗೆ ಎಲ್ಲರ ಮೇಲೂ ಗೌರವ ಉಕ್ಕುತ್ತಿತ್ತು. ಬಂದ ಬಂದ ಕಾರಿಗೆಲ್ಲ ದಾರಿ ಬಿಟ್ಟು, ಪರೀಕ್ಷೆ ಮಾಡುವವನು ಗಡಿಯಾರ ನೋಡಿಕೊಳ್ಳುವವರೆಗೂ ಅಲ್ಲೇ ನಿಂತಿರುತ್ತಿದ್ದರು. ಮನೆಗೆ ಬಂದರೆ ಅಣ್ಣನ ಸಮಾಧಾನ: "ಬಿಡು ನೀರಜಾ, ಯಾಕೆ ತಲೆಬಿಸಿ? ನಾನಿದ್ದೀನಲ್ಲ." ಹೀಗೆ ಬಸ್ಸಿನಲ್ಲೋ ಅಣ್ಣನ ಪಕ್ಕದ ಸೀಟಿನಲ್ಲೋ ಅವರಿಗೆ ಐವತ್ತು ದಾಟಿತು.

ಇದನ್ನು ತಪ್ಪಿಸಿದ್ದು ನಮ್ಮಮ್ಮ, ಶಾರದಮ್ಮ. ಅಪ್ಪ ಹೋದ ಮೇಲೆ ಅಮ್ಮ ಅಣ್ಣನ ಮನೆಯಲ್ಲೇ ಇದ್ದಾರೆ. ಒಂದು ಚಳಿಗಾಲ ಅಮ್ಮನನ್ನು ಆಸ್ಪತ್ರೆಗೆ ತೋರಿಸಬೇಕಿತ್ತು. ಅಣ್ಣ ಆಪರೇಷನ್ ಥಿಯೇಟರಿನಲ್ಲಿ, ಟ್ಯಾಕ್ಸಿ ಬರಲಿಲ್ಲ, ಅತ್ತೆ ಸೊಸೆ ಇಬ್ಬರೂ ಬಸ್‌ಸ್ಟಾಪಿನಲ್ಲಿ ಹಿಮಮಳೆಗೆ ನೆನೆದರು. ಅಲ್ಲೇ ಅಮ್ಮ ಹೇಳಿದರಂತೆ, "ನಾಳೆಯಿಂದ ಮತ್ತೆ ಕಲಿ. ಹಿಂದಿನ ಸೀಟಲ್ಲಿ ನಾನು ಕೂತಿರ್ತೀನಿ." ಕೂತರು ಕೂಡ. ಕಲಿಸಲು ಬರುತ್ತಿದ್ದ ಬ್ರಾಡ್‌ಫರ್ಡ್‌ನ ಹೆಂಗಸಿಗೆ ಮೊದಲು ಗಾಬರಿಯಾಯಿತು, ಆಮೇಲೆ ಅಭ್ಯಾಸವಾಯಿತು. ರೌಂಡ್‌ಅಬೌಟ್ ಬಂದಾಗ ಹಿಂದಿನಿಂದ ಒಂದು ದನಿ ಕೇಳುತ್ತಿತ್ತು: "ನುಗ್ಗೇ ನೀರಜಾ! ಅವನೇನು ನಿನ್ನ ತವರಿನವನೇನೇ, ಅಷ್ಟು ಉಪಚಾರ ಮಾಡೋಕೆ?" ಆ ಸಲ ಅತ್ತಿಗೆ ಪಾಸಾದರು.

ರ‍್ಯಾಲಿಯ ಹುಚ್ಚು ಹಿಡಿದದ್ದು ಡರ್ಬಿಯಲ್ಲಿ, ನಮ್ಮ ಮನೆಗೆ ಬಂದಾಗ. ನಮ್ಮ ಪಕ್ಕದ ಮನೆ ನಿಂಗಪ್ಪ ಧಾರವಾಡದವರು. ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ಈಗ ಹಳೆಯ ಕಾರು ಬಿಚ್ಚುವುದು, ಜೋಡಿಸುವುದು, ಅದೇ ಅವರ ದಿನಚರಿ. ಚಹಾ ಕುಡಿಯುತ್ತಾ ರ‍್ಯಾಲಿಯ ಸುದ್ದಿ ತೆಗೆದರು. "ಟರ್ಕಿ ದಾಟಿ, ಜಾರ್ಜಿಯಾ ದಾಟಿ, ಹಡಗಿನ್ಯಾಗ ಕಾರ್ ಹಾಕ್ಕೊಂಡು ಕ್ಯಾಸ್ಪಿಯನ್ ಸಮುದ್ರ ದಾಟಿ, ಆಮ್ಯಾಲೆ ಬರೇ ಬಯಲು ನೋಡ್ರಿ!" ಅತ್ತಿಗೆ ಲೋಟ ಕೆಳಗಿಟ್ಟು "ನಾನು ಹೋಗ್ತೀನಿ" ಎಂದರು. ನಾವೆಲ್ಲ ನಕ್ಕೆವು. ನಿಂಗಪ್ಪ ಮಾತ್ರ ನಗಲಿಲ್ಲ. ಅರವತ್ತರ ದಶಕದ ಒಂದು ಪುಟ್ಟ ಹಸಿರು ಕಾರು ಹುಡುಕಿಕೊಟ್ಟು, ಚಕ್ರ ಬಿಚ್ಚುವುದರಿಂದ ಫ್ಯಾನ್ ಬೆಲ್ಟ್ ಹಾಕುವವರೆಗೆ ಎಲ್ಲವನ್ನೂ ಅತ್ತಿಗೆಯ ಕೈಯಲ್ಲೇ ಮಾಡಿಸಿದರು.

ಅಣ್ಣ ಯಥಾಪ್ರಕಾರ, "ಸರಿ, ಹೋಗೋಣ. ನಾನು ಓಡಿಸ್ತೀನಿ, ನೀನು ಮ್ಯಾಪ್ ಹಿಡ್ಕೋ" ಎಂದ.

"ನೀವು ಬರಬೇಡಿ ರೀ," ಎಂದರು ಅತ್ತಿಗೆ.

ಹಾಗೆಂದು ಮುಂದುವರಿಸಿದರು. "ಮದುವೆಗೆ ಮುಂಚೆ ಎಲ್ಲಿಗೆ ಹೋದ್ರೂ ಅಪ್ಪ ಕರ್ಕೊಂಡು ಹೋಗ್ತಿದ್ರು. ಈ ದೇಶಕ್ಕೆ ನೀವು ಕರ್ಕೊಂಡು ಬಂದ್ರಿ. ನನಗೆ ಯಾರ ಮೇಲೂ ಕೋಪ ಇಲ್ಲ. ಆದ್ರೆ ಒಂದೇ ಒಂದು ಊರಿಗೆ ನಾನಾಗೇ ಹೋಗಿ ತಲುಪಬೇಕು ರೀ. ಅಷ್ಟೇ ನನಗೆ ಬೇಕಾಗಿರೋದು." ಅಣ್ಣ ಹಿತ್ತಿಲಿಗೆ ಹೋಗಿ ಹೂಕುಂಡಗಳಿಗೆ ನೀರು ಹಾಕತೊಡಗಿದ. ಹೊರಗೆ ಮಳೆ ಬರುತ್ತಿತ್ತು.

ದಾರಿ ಹೇಳಲು ಜೊತೆಗೊಬ್ಬರು ಬೇಕೇ ಬೇಕು ಎಂಬ ಕಾರಣಕ್ಕೆ ನಾನು ಸಿಕ್ಕಿಬಿದ್ದೆ. ಇದು ಯಾರು ಮೊದಲು ಎಂಬ ಓಟವಲ್ಲ. ಹೇಳಿದ ಜಾಗಗಳನ್ನು ಹೇಳಿದ ಹೊತ್ತಿನೊಳಗೆ ಮುಟ್ಟುತ್ತಾ ಹೋಗಬೇಕು. ಆದರೆ ಒಂದು ನಿಯಮ ಬಲು ಬಿಗಿ. ರಿಪೇರಿಗೆ ಯಾರಾದರೂ ಕೈ ಹಾಕಬಹುದು, ಆದರೆ ಕಾರು ತನ್ನ ಚಕ್ರದ ಮೇಲೇ ಬರಬೇಕು, ಕಾರಿನವರಿಬ್ಬರೂ ಅದರ ಜೊತೆಗೇ ಬರಬೇಕು. ಲಾರಿಗೆ ಏರಿಸಿದರೆ, ಹಗ್ಗ ಕಟ್ಟಿ ಎಳೆಸಿದರೆ, ಆ ಇಬ್ಬರನ್ನು ಬಿಟ್ಟು ಮೂರನೆಯವರು ತಳ್ಳಿದರೆ, ತಲುಪಿದವರ ಸಾಲಿನಲ್ಲಿ ಅವರಿಲ್ಲ.

ಟರ್ಕಿಯ ಘಾಟಿಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ದಾರಿ ಹೇಳಿದೆ. ಜಾರ್ಜಿಯಾದ ಟಿಬಿಲಿಸಿಯಲ್ಲಿ ನಾಲ್ಕೂ ಕಡೆಯಿಂದ ಬಸ್ಸು ನುಗ್ಗುವ ಒಂದು ವೃತ್ತಕ್ಕೆ ಅತ್ತಿಗೆ ಎಂಥ ಧೈರ್ಯದಿಂದ ಇಳಿದರೆಂದರೆ, ಒಬ್ಬ ಬಸ್ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ದಾರಿಯಲ್ಲಿ ಯಾರ ಕಾರು ಕೆಟ್ಟು ನಿಂತಿದ್ದರೂ ಅತ್ತಿಗೆ ನಿಲ್ಲಿಸುತ್ತಿದ್ದರು. ಯಾರಿಗೆ ಹೊಟ್ಟೆ ಕೆಟ್ಟಿದ್ದರೂ ಮಾತ್ರೆ ಕೊಟ್ಟು, ನೀರು ಕುಡಿಸಿ, ನಾಡಿ ನೋಡಿಯೇ ಹೊರಡುತ್ತಿದ್ದರು. ಹಾಗಾಗಿ ಆಯಾ ದಿನ ತಲುಪಿದವರ ಪಟ್ಟಿಯಲ್ಲಿ ನಮ್ಮ ಹೆಸರು ಯಾವಾಗಲೂ ತಳದಲ್ಲಿ. ನನಗೆ ಮೈಯುರಿಯುತ್ತಿತ್ತು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅಣ್ಣನೋ, ಲೀಡ್ಸ್‌ನಲ್ಲಿ ಕೂತು ಫೋನಿನ ಮ್ಯಾಪಿನಲ್ಲಿ ನಮ್ಮ ಕಾರಿನ ಚುಕ್ಕೆಯನ್ನು ನೋಡುತ್ತಿದ್ದ. ನಾವು ಬಾತ್‌ರೂಮಿಗೆ ಇಳಿದರೂ "ಯಾಕೆ ನಿಂತಿದ್ದೀರಿ?" ಎಂದು ಮೆಸೇಜು.

ಕೊನೆಯ ದಿನದ ಹಿಂದಿನ ಸಂಜೆ ಕಝಾಕ್ ಬಯಲಿನ ಒಂದು ಚಿಕ್ಕ ಊರಿನಲ್ಲಿ ಇಳಿದುಕೊಂಡಿದ್ದೆವು. ಅಣ್ಣ ಆಗಲೇ ಮ್ಯಾಂಚೆಸ್ಟರಿನಿಂದ ಅಲ್ಮಾಟಿಗೆ ವಿಮಾನ ಹತ್ತಿದ್ದ. ಅಮ್ಮ ವಿಡಿಯೋ ಕಾಲ್ ಮಾಡಿದರು.

"ನಾಳೆ ಶನಿವಾರ. ಎಷ್ಟೊತ್ತಿಗೆ ಹೊರಡೋದು?"

"ಒಂಬತ್ತರ ಮೇಲೆ ಅಮ್ಮ, ನಮ್ಮ ಸರದಿ ಬಂದಾಗ," ಎಂದರು ಅತ್ತಿಗೆ.

"ರಾಹುಕಾಲ ಕಣೇ!"

"ಯಾವೂರಿನ ರಾಹುಕಾಲ ಅಮ್ಮ, ಲೀಡ್ಸಿಂದಾ ಇಲ್ಲಿಂದಾ?"

"ನೀನಿರೋ ಊರಿಂದು. ಸೂರ್ಯ ಹುಟ್ಟೋದು ಅಲ್ಲಿ ತಾನೇ? ಹೊತ್ತು ಬದಲಾಯಿಸಕ್ಕೆ ಆಗಲ್ಲ ಅಂದ್ರೆ ಇವತ್ತೇ ಪರಸ್ಥಾನ ಇಡು. ಇಡ್ತೀನಿ ಅಂತ ಮಾತು ಕೊಡು."

ಹೊರಡುವ ಹೊತ್ತು ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆಯೇ ನಮ್ಮದೊಂದು ಗಂಟನ್ನು ಹತ್ತಿರದ ಯಾರ ಮನೆಯಲ್ಲಾದರೂ ಇಟ್ಟು ಬರುತ್ತೇವೆ. ಮರುದಿನ ಹೋಗುತ್ತಾ ಎತ್ತಿಕೊಂಡು ಹೋಗುತ್ತೇವೆ. ಗಂಟು ಒಳ್ಳೆಯ ಹೊತ್ತಿನಲ್ಲಿ ಹೊರಟಿತೆಂದರೆ ನಾವೂ ಹೊರಟ ಹಾಗೆ. ಇದೇ ಪರಸ್ಥಾನ. ಅತ್ತಿಗೆ ಪಂಚಾಂಗ ನೋಡುವವರಲ್ಲ, ಆದರೆ ಅಮ್ಮನಿಗೆ ಇಲ್ಲ ಎನ್ನುವವರೂ ಅಲ್ಲ. ಕಾರನ್ನು ಸಂಘಟಕರು ಅಂಗಳದಲ್ಲಿಟ್ಟು ಬೀಗ ಹಾಕಿದ್ದರು. ರೂಮಿನಲ್ಲಿ ಇದ್ದದ್ದು ನಮ್ಮ ಬಟ್ಟೆ, ಮತ್ತು ತಪಾಸಣೆಗೆಂದು ಅತ್ತಿಗೆ ಮೇಲೆ ತಂದಿದ್ದ ಬಿಡಿಭಾಗಗಳ ಚೀಲ. ಆ ಚೀಲವನ್ನೇ ಒಯ್ದು ಹೋಟೆಲಿನ ಮುಂಬಾಗಿಲ ಎದುರಿನ ಚಹಾದಂಗಡಿಯಲ್ಲಿಟ್ಟು, "ಬೆಳಿಗ್ಗೆ ತಗೋತೀವಿ" ಎಂದು ಕೈಸನ್ನೆ ಮಾಡಿ ಬಂದರು. ಅಂಗಡಿಯಾಕೆ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡಳು.

ಬೆಳಿಗ್ಗೆ ಕಾರುಗಳನ್ನು ಹಿಂಬಾಗಿಲಿನಿಂದ ಬಿಟ್ಟರು. ಬಾವುಟ ಬಿತ್ತು, ನಾವು ಹೊರಟೆವು. ಚಹಾದಂಗಡಿಯ ನೆನಪು ಇಬ್ಬರಿಗೂ ಬರಲಿಲ್ಲ.

ಬಂದದ್ದು ಯಾವಾಗ? ಅಲ್ಮಾಟಿ ಇನ್ನೂ ನೂರು ಕಿಲೋಮೀಟರಿಗೂ ದೂರ ಇರುವಾಗ ಬಾನೆಟ್ಟಿನೊಳಗೆ ಪಟಾರ್ ಎಂದಿತು. ಫ್ಯಾನ್ ಬೆಲ್ಟ್ ತುಂಡು. ಅದಿಲ್ಲದಿದ್ದರೆ ಎಂಜಿನ್ನಿನ ಕಾವೂ ಇಳಿಯುವುದಿಲ್ಲ, ಬ್ಯಾಟರಿಯೂ ತುಂಬುವುದಿಲ್ಲ. ಅತ್ತಿಗೆ ಇಳಿದು ಡಿಕ್ಕಿ ತೆಗೆದು ನೋಡಿದರು, ನನ್ನನ್ನು ನೋಡಿದರು. ಹೊಸ ಬೆಲ್ಟು ಚೀಲದಲ್ಲಿ, ಚೀಲ ಪರಸ್ಥಾನದಲ್ಲಿ! ಹಿಂದಕ್ಕೆ ಹೋಗಿ ತರುವಷ್ಟು ಹೊತ್ತೂ ಇರಲಿಲ್ಲ, ಕಾರಿನಲ್ಲಿ ಅಷ್ಟು ಜೀವವೂ ಇರಲಿಲ್ಲ. ಅಮ್ಮನಿಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಇದನ್ನು ಓದಿ ಹೇಳುವವರು ದಯವಿಟ್ಟು ಈ ಭಾಗ ಬಿಟ್ಟು ಓದಿ.

ಅತ್ತಿಗೆ ಮೊದಲು ಕೇಳಿದ್ದು ನನ್ನ ಸಲ್ವಾರಿನ ಲಾಡಿ. ಅದನ್ನು ಮಡಚಿ ಹೆಣೆದು ಬೆಲ್ಟಿನ ಜಾಗಕ್ಕೆ ಕಟ್ಟಿದರು. ನಾನು ಸಲ್ವಾರಿಗೆ ಸೇಫ್ಟಿ ಪಿನ್ ಚುಚ್ಚಿಕೊಂಡೆ. ಲಾಡಿ ಸ್ವಲ್ಪ ದೂರ ನಡೆಸಿ ಹರಿದುಹೋಯಿತು. ಅಷ್ಟರಲ್ಲಿ ರ‍್ಯಾಲಿಯ ಸಹಾಯದ ವ್ಯಾನು ಬಂತು. ಅವರಲ್ಲಿದ್ದ ಯಾವ ಬೆಲ್ಟೂ ನಮ್ಮ ಕಾರಿಗೆ ಕೂರಲಿಲ್ಲ. "ಲಾರಿ ಹಿಂದೆಯೇ ಬರುತ್ತಿದೆ, ಹತ್ತಿಸಿಬಿಡಿ. ಸಂಜೆಗೆ ಅಲ್ಮಾಟಿಯಲ್ಲಿ ಬಿಸಿನೀರಿನ ಸ್ನಾನ," ಎಂದರು. ಬಿಸಿನೀರು ಎಂದಾಗ ನನಗೆ ಅಳುವೇ ಬಂತು.

"ಹತ್ತಿಸೋಣ ಅತ್ತಿಗೆ!" ಎಂದು ಕೂಗಾಡಿದೆ. "ಇಷ್ಟು ದೂರ ಬಂದಿದ್ದೀವಲ್ಲ, ಸಾಲದಾ? ಯಾರಿಗೆ ತೋರಿಸಬೇಕು ನೀವು?"

"ಯಾರಿಗೂ ಇಲ್ಲ ಕಣೇ," ಎಂದರು. "ನೀನು ಬೇಕಾದ್ರೆ ಅವರ ವ್ಯಾನಲ್ಲಿ ಹೋಗು. ಸುಸ್ತಾಗಿದ್ದೀಯ. ನಾನು ಬೇಜಾರು ಮಾಡ್ಕೊಳಲ್ಲ."

ನಾನು ವ್ಯಾನು ಹತ್ತಿದರೆ ಅವರ ರ‍್ಯಾಲಿ ಅಲ್ಲಿಗೇ ಮುಗಿದಂತೆ. ಅದು ಅವರಿಗೂ ಗೊತ್ತು. ಆದರೂ ಆ ಮಾತು ಮನಸ್ಸಿನಿಂದಲೇ ಬಂತು, ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅಂಥವರ ಜೊತೆ ಜಗಳವಾಡುವುದಾದರೂ ಹೇಗೆ? ಸೇಫ್ಟಿ ಪಿನ್ ಸರಿಮಾಡಿಕೊಂಡು ನನ್ನ ಸೀಟಿನಲ್ಲಿ ಕೂತೆ.

ಅಲ್ಲಿಂದ ಮುಂದೆ ಅತ್ತಿಗೆ ಆ ಕಾರನ್ನು ಜ್ವರ ಬಂದ ಮಗುವಿನ ಹಾಗೆ ನೋಡಿಕೊಂಡರು. ಕಾವು ತೋರಿಸುವ ಮುಳ್ಳು ಕೆಂಪಿನ ಕಡೆ ಏರುವವರೆಗೆ ಓಡಿಸುವುದು, ನಿಲ್ಲಿಸುವುದು, ಗಾಳಿಗೆ ಮುಖ ಮಾಡಿ ಬಾನೆಟ್ ತೆಗೆದಿಡುವುದು, ಆರಿದ ಮೇಲೆ ಮತ್ತೆ ಹೊರಡುವುದು. ಎಂಜಿನ್ನಿನ ಕಾವು ಎಳೆಯಲಿ ಎಂದು ಆ ಸುಡುಬಿಸಿಲಿನಲ್ಲಿ ಹೀಟರ್ ಬೇರೆ ಹಾಕಿದ್ದರು. ಬ್ಯಾಟರಿ ಉಳಿಸಲು ಪ್ರತಿ ಸಲವೂ ಕಾರಿನ ಮುಂದೆ ಬಗ್ಗಿ ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್ ಮಾಡಿದರು. ಅಂಗೈ ಬೊಬ್ಬೆ ಎದ್ದು ಒಡೆಯಿತು. ನಾನು ತಿರುಗಿಸುತ್ತೇನೆಂದರೆ "ಬೇಡ, ನಿನಗೆ ಭುಜದ ನೋವಿದೆ" ಎಂದರು. ದಾರಿಯುದ್ದಕ್ಕೂ ನನ್ನ ಭುಜದ ನೋವನ್ನು ನಾನೇ ಮರೆತಿದ್ದೆ. ಅವರು ಮರೆತಿರಲಿಲ್ಲ.

ಆರು ಗಂಟೆಗೆ ಕೊನೆಯ ಗಡುವು. ನಾವು ಅಲ್ಮಾಟಿ ಹೊಕ್ಕಾಗ ಹೊತ್ತು ತೀರಾ ಕಡಿಮೆಯಿತ್ತು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕುಂಟುತ್ತಾ ಹೋದೆವು. ಚೌಕದಲ್ಲಿ ಕೊನೆಯ ಗೆರೆಗೆಂದು ಕಟ್ಟಿದ್ದ ಕಮಾನು ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದು ಕಾರು ನಿಂತುಬಿಟ್ಟಿತು. ಈ ಸಲ ಹ್ಯಾಂಡಲ್ ತಿರುಗಿಸಿದರೂ ಏಳಲಿಲ್ಲ.

ಅತ್ತಿಗೆ ಇಳಿದರು. ಒಂದು ಕೈ ಸ್ಟೀರಿಂಗಿಗೆ, ಹೆಗಲು ಬಾಗಿಲ ಚೌಕಟ್ಟಿಗೆ. "ಹಿಂದೆ ಹೋಗು ಮಾಳವಿಕಾ. ತಳ್ಳು." ನಾನು ಒಂದು ಕೈಯಲ್ಲಿ ಸಲ್ವಾರ್ ಹಿಡಿದು, ಇನ್ನೊಂದು ಕೈಯಲ್ಲಿ ಏಷ್ಯಾ ಖಂಡವನ್ನೇ ತಳ್ಳಿದೆ.

ಕಮಾನಿನ ಕೆಳಗಿನಿಂದ ಯಾರೋ ಓಡಿ ಬಂದರು. ಅಣ್ಣ. ಅರವತ್ತೆಂಟರ ಮನುಷ್ಯ, ಕೋಟು ಹಾರಿಸಿಕೊಂಡು, "ನೀರಜಾ, ಬಿಡು, ನಾನಿದ್ದೀನಲ್ಲ!" ಎನ್ನುತ್ತಾ ಎರಡೂ ಕೈ ಚಾಚಿದ. ಇನ್ನೇನು ಡಿಕ್ಕಿಗೆ ಅಂಗೈ ತಾಗಬೇಕು.

"ಅಣ್ಣಾ, ಮುಟ್ಟಬೇಡ! ಮುಟ್ಟಿದ್ರೆ ಎಲ್ಲಾ ಹೋಯ್ತು!" ಎಂದು ಕಿರುಚಿದೆ.

ಅಣ್ಣ ಕೈ ಸುಟ್ಟವನ ಹಾಗೆ ಹಿಂದಕ್ಕೆ ಜಿಗಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಮ್ಮ ಜೊತೆಗೇ ಅಡ್ಡಡ್ಡ ನಡೆಯತೊಡಗಿದ. ಹೆಂಡತಿ ಏದುಸಿರು ಬಿಡುವುದನ್ನು, ಒಡೆದ ಅಂಗೈ ಸ್ಟೀರಿಂಗಿನ ಮೇಲೆ ಜಾರುವುದನ್ನು ನೋಡುತ್ತಾ ಸುಮ್ಮನಿರುವುದು ಅವನ ಜನ್ಮದಲ್ಲಿ ಅದೇ ಮೊದಲು. ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರು. ಅಷ್ಟರಲ್ಲಿ ಆ ಊರಿನವರು ನೋಡಿದರು. ಇಬ್ಬರು ಹೆಂಗಸರು ಕಾರು ತಳ್ಳುತ್ತಿದ್ದರೆ ಯಾವ ಊರಿನವರು ತಾನೇ ಸುಮ್ಮನಿರುತ್ತಾರೆ? ಹಣ್ಣಿನ ಗಾಡಿಯವನು, ಕಾಲೇಜು ಹುಡುಗಿಯರು, ಒಬ್ಬ ಪೋಲೀಸು, ಎಲ್ಲರೂ ತೋಳೇರಿಸಿ ಓಡಿಬಂದರು. ಅಣ್ಣ ಅವರೆದುರಿಗೆ ಎರಡೂ ತೋಳು ಚಾಚಿ ಅಡ್ಡ ನಿಂತ. ಇಂಗ್ಲಿಷೂ ಮರೆತುಹೋಗಿ ಕನ್ನಡದಲ್ಲೇ ಕೂಗಿದ.

"ಯಾರೂ ಮುಟ್ಟಬೇಡಿ! ದಮ್ಮಯ್ಯ, ಯಾರೂ ಮುಟ್ಟಬೇಡಿ! ಅವಳೇ ಬರ್ತಾಳೆ! ಅವಳಿಗೆ ಬರೋಕೆ ಬಿಡಿ!"

ಅವರಿಗೆ ಏನು ಅರ್ಥವಾಯಿತೋ, ಎಲ್ಲರೂ ಅಲ್ಲಲ್ಲೇ ನಿಂತು ಚಪ್ಪಾಳೆ ತಟ್ಟತೊಡಗಿದರು. ಮುಂದಿನ ಚಕ್ರ ಗೆರೆ ದಾಟಿತು. ಹಿಂದಿನದೂ ದಾಟಿತು. ಗಡಿಯಾರ ಹಿಡಿದು ನಿಂತಿದ್ದ ಅಧಿಕಾರಿ ತಲೆಯಾಡಿಸಿ ಬಾವುಟ ಇಳಿಸಿದ.

ಅತ್ತಿಗೆ ಕಾರಿನೊಳಕ್ಕೆ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದರು, ನೆಟ್ಟಗೆ ನಿಂತರು. ಅಣ್ಣ ಇನ್ನೂ ಎರಡು ಮಾರು ದೂರದಲ್ಲೇ ಇದ್ದ, ತೋಳು ಚಾಚಿಕೊಂಡೇ.

"ಇನ್ನು ಮುಟ್ಟಬಹುದು, ಬನ್ನಿ ರೀ," ಎಂದರು ಅತ್ತಿಗೆ.

ಅವನು ಕಾರನ್ನು ಮುಟ್ಟಲಿಲ್ಲ. ಎಣ್ಣೆ ಮೆತ್ತಿದ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಬಂದ್ಯಾ?" ಎಂದು ಕೇಳಿದ.

"ಹೂಂ ರೀ," ಎಂದರು. "ನಾನೇ ಬಂದೆ."